ಮಧುಸೂದನ್ ಬರೆದ ತಪ್ಪು ವಾಕ್ಯ

ಮೆಂತ್ಯದ ಸೊಪ್ಪಿಗೆ ಚಿಮುಕಿಸಿದ ನೀರು ನನ್ನ ಮೊಣಕೈಗೂ ಬಿತ್ತು, ಎಷ್ಟು ತಣ್ಣಗಿದೆ, ಸೊಪ್ಪು ತಗೊಳ್ಳಿ ಅಕ್ಕಾ ಅನ್ನುತ್ತಾಳೆ ಸೊಪ್ಪಿನವಳು, ಆಮೇಲೆ ಬರ್ತೀನಮ್ಮ, ಭಾನುವಾರ ಎಂಟನೇ ಕ್ರಾಸಿನಲ್ಲಿ ಎಲ್ಲರ ಕೈಯಲ್ಲೂ ಚೀಲ, ನನ್ನ ತಲೆಯಲ್ಲಿ ಮಾತ್ರ ಒಂದು ವಾಕ್ಯ — ಐ ಯೂಸ್ಡ್ ಟು ಲಿವಿಂಗ್ ಅಲೋನ್. ಕನ್ನಡಕದಂಗಡಿಯ ಮಧುಸೂದನ್ ಬೆಳಿಗ್ಗೆ ಆರಕ್ಕೆ ಕಳಿಸಿದ ಮೆಸೇಜು, ನಿನ್ನೆ ನಾನು ಕೇಳಿದ್ದಕ್ಕೆ ಉತ್ತರ. ಕೇಳಿಯೇಬಿಟ್ಟೆನಲ್ಲ, ನಲವತ್ತೇಳು ವರ್ಷದ ಸುಪ್ರಜಾ, ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವವಳು, ಸಂಗೀತ ಕಚೇರಿ ಮುಗಿದು ಚಪ್ಪಲಿ ಹುಡುಕುತ್ತಾ, ನಾವು ಮದುವೆ ಆಗೋಣವಾ ಅಂತ! ಹೆಂಡತಿ ತೀರಿಕೊಂಡು ಒಂಬತ್ತು ವರ್ಷವಾದ ಮನುಷ್ಯ, ಕಿವಿಯೆಲ್ಲ ಕೆಂಪಾಗಿ, ನಾಳೆ ಹೇಳ್ತೀನಿ ಮೇಡಂ ಅಂದರು. ಹೇಳಿದ್ದು ಹೀಗೆ, ಅದೂ ಇಂಗ್ಲಿಷಿನಲ್ಲಿ, ಬಾಯಲ್ಲಿ ಅಚ್ಚುಕಟ್ಟಾದ ಕನ್ನಡ ಇಟ್ಟುಕೊಂಡು ನನಗೆ ಬರೆಯುವಾಗ ಮಾತ್ರ ಈ ಹಟ. ಒಂದು ಆಮ್ ಬಿಟ್ಟಿದ್ದಾರೋ, ಒಂದು ಇಂಗ್ ಹೆಚ್ಚು ಹಾಕಿದ್ದಾರೋ? ಐ ಆಮ್ ಯೂಸ್ಡ್ ಟು ಲಿವಿಂಗ್ ಅಂದರೆ ಒಬ್ಬನೇ ಇದ್ದು ರೂಢಿಯಾಗಿದೆ, ಅಂದರೆ ಬೇಡ. ಐ ಯೂಸ್ಡ್ ಟು ಲಿವ್ ಅಂದರೆ ಒಬ್ಬನೇ ಇರುತ್ತಿದ್ದೆ, ಇನ್ನು ಮೇಲೆ ಇಲ್ಲ. ಇಪ್ಪತ್ತು ವರ್ಷ ಈ ತಪ್ಪಿಗೆ ಅರ್ಧ ಮಾರ್ಕು ಕಳೆದು ಮುಂದಿನ ಹಾಳೆ ತಿರುಗಿಸಿದ್ದೇನೆ, ಮಕ್ಕಳ ಹೊಟ್ಟೆ ಹೀಗೇ ಉರಿದಿರಬೇಕು. ಎರಡಕ್ಕೂ ಮೂಲ ಒಂದೇ ಅಂತ ಪಾಠ ಬೇರೆ ಮಾಡುತ್ತೇನೆ, ಯೂಸ್ ಅಂದರೆ ವಾಡಿಕೆ ಅಂತಲೂ ಇತ್ತು, ಲ್ಯಾಟಿನ್ನಿನದು, ಫ್ರೆಂಚ್ ದಾಟಿ ಬಂದದ್ದು, ಹಿಂದೆ ಐ ಯೂಸ್ ಟು ಗೋ ಅಂತ ವರ್ತಮಾನದಲ್ಲೂ ಹೇಳುತ್ತಿದ್ದರು, ಹೋಗುವುದು ನನ್ನ ವಾಡಿಕೆ ಅಂತ, ಆಮೇಲೆ ವರ್ತಮಾನ ಸವೆದುಹೋಗಿ ಭೂತಕಾಲವೊಂದೇ ಉಳಿಯಿತು — ಉಳಿಯಲಿ ದೇವರೇ, ಇವತ್ತು ಭೂತಕಾಲವೇ ಇರಲಿ.

ಕಾಫಿಗೆ ಸಿಗೋಣ ಅಂದಿದ್ದ ಮಧುಸೂದನ್ ಸಂಪಿಗೆ ರಸ್ತೆಯ ಮೆಟ್ರೋ ಬಾಗಿಲಲ್ಲಿ ನಿಂತಿದ್ದಾರೆ, ಬೆವರಿದ್ದಾರೆ, ಎದೆಗೊತ್ತಿಕೊಂಡು ಒಂದು ಹಳದಿ ರಟ್ಟಿನ ಡಬ್ಬ. ಕಾಫಿಯಾದ ಮೇಲೆ ಕೇಳೋಣ ಅಂದುಕೊಂಡವಳು ನಿಂತಲ್ಲೇ ಕೇಳಿದೆ, ನಿಮ್ಮ ವಾಕ್ಯದಲ್ಲಿ ಆಮ್ ಇದೆಯೋ ಇಲ್ಲವೋ? ಗಾಬರಿಯಾದರು, ಯಾಕೆ ಮೇಡಂ, ತಪ್ಪಾಯ್ತಾ? ತಪ್ಪಾಗಿದೆ, ಯಾವ ಕಡೆಗೆ ತಪ್ಪು ಅಂತ ಹೇಳಿ. ನಂಗೆ ಅದೆಲ್ಲ ಗೊತ್ತಾಗಲ್ಲ, ಮನೇಲಿರೋ ಕುಕ್ಕರ್ ಒಂದೂವರೆ ಲೀಟರಿಂದು, ಒಬ್ಬನಿಗೆ ಸಾಕಾಗ್ತಿತ್ತು, ಅದಕ್ಕೇ ಇದನ್ನ ತಗೊಂಡ್ಬಿಟ್ಟೆ ಅಂತ ಡಬ್ಬ ನನ್ನ ಕಡೆ ತಿರುಗಿಸಿದರು. ಐದು ಲೀಟರ್! ಜನ ತಿರುಗಿ ನೋಡುವಷ್ಟು ನಕ್ಕೆ, ಇಬ್ಬರಿಗೆ ಐದು ಲೀಟರಾ ಮಧುಸೂದನ್? ಅವರು ನಗಲಿಲ್ಲ. ಯಾಕೆ, ನಿಮ್ಮಮ್ಮ ಬರಲ್ವಾ? ಭಾಗೀರಥಮ್ಮನೋರನ್ನ ಒಬ್ಬರನ್ನೇ ಬಿಟ್ಟು ಬರ್ತೀರಾ? ನನ್ನ ಜೊತೆಗೇ ಇರುವ ಅಮ್ಮನ ಮಾತು ನಾನು ಎತ್ತಿರಲಿಲ್ಲ, ಎತ್ತುವ ಧೈರ್ಯವಿರಲಿಲ್ಲ, ಅದನ್ನೂ ಕೇಳಿದರೆ ಎಲ್ಲಿ ಹಿಂದೆ ಸರಿಯುತ್ತಾರೋ ಅಂತ — ಡಬ್ಬದ ಇನ್ನೊಂದು ತುದಿಗೆ ಕೈ ಹಾಕಿದೆ, ಹಳದಿ ಡಬ್ಬ, ಅದರ ಮೇಲೆ ಅವರ ಒದ್ದೆ ಬೆರಳ ಗುರುತು, ಐದು ಲೀಟರ್, ಐದು ಲೀಟರ್, ಆ ಹಳದಿ ಡಬ್ಬ.