ತಣ್ಣಗಿದ್ದಾಗ ಕೇಳಬೇಕಾದ ಸದ್ದು

ಮಾವ ಗೇಟು ದಾಟಿದವರೇ ಯಾರಿಗೂ ನಮಸ್ಕಾರ ಕೂಡ ಹೇಳದೆ ನೆಟ್ಟಗೆ ಹೋಗಿ ಪಿಕಪ್ಪಿನ ಬಾನೆಟ್ ಮೇಲೆ ಅಂಗೈ ಇಟ್ಟರು. ಮಗುವಿನ ಜ್ವರ ನೋಡುವವರ ಹಾಗೆ ಒಂದು ಗಳಿಗೆ ಇಟ್ಟುಕೊಂಡಿದ್ದು, ಮಾರುವವನ ಕಡೆ ತಿರುಗಿದರು.

"ಬಿಸಿ ಇದೆಯಲ್ಲ?"

"ಹಾಲು ತರೋಕೆ ಹೋಗಿದ್ದೆ ಯಜಮಾನ್ರೇ. ಇಲ್ಲೇ, ತಿರುವಿನವರೆಗೆ," ಎಂದ ಅವನು. ಅವನದು ಸೋಫಾ ಅಂಗಡಿ. ಮಾತೂ ಸೋಫಾದಷ್ಟೇ ಮೆತ್ತಗಿತ್ತು.

"ನಾವು ಬರೋವರೆಗೂ ಸ್ಟಾರ್ಟ್ ಮಾಡ್ಬೇಡಿ ಅಂತ ಸೊಸೆ ಕೈಲಿ ಫೋನ್ ಮಾಡಿಸಿದ್ದೆ. ಇರ್ಲಿ. ತಣ್ಣಗಾಗೋವರೆಗೂ ಕೂತಿರ್ತೀವಿ."

ಸೊಸೆಗೆ ಮುಜುಗರವಾಯಿತು. ಯಾರದೋ ಮನೆ ಜಗಲಿಯಲ್ಲಿ ಎರಡು ಗಂಟೆ ಕೂರುವುದೆಂದರೇನು! ಆದರೆ ಮಾವನ ಮಾತಿಗೆ ಎದುರಾಡುವ ಪೈಕಿ ಅವಳಲ್ಲ, ಅದರಲ್ಲೂ ಇಂಜಿನ್ನಿನ ವಿಷಯದಲ್ಲಿ. ಬಿಸಿಯಾದ ಡೀಸೆಲ್ ಇಂಜಿನ್ನು ಹೆಣ್ಣು ನೋಡಲು ಬಂದ ಗಂಡಿನ ಹಾಗೆ, ಎಲ್ಲ ರೋಗವನ್ನೂ ಮುಚ್ಚಿಟ್ಟುಕೊಂಡು ಸಭ್ಯವಾಗಿ ಕೂತಿರುತ್ತದೆ, ಅದರ ನಿಜವಾದ ಗುಣ ಗೊತ್ತಾಗಬೇಕಾದರೆ ತಣ್ಣಗೆ ಮಲಗಿದ್ದು ಏಳುವ ಮೊದಲ ಅರ್ಧ ನಿಮಿಷದಲ್ಲಿ ಹಿಡಿಯಬೇಕು ಎಂದು ಮಾವ ಮನೆಯಲ್ಲಿ ನೂರು ಸಲ ಹೇಳಿದ್ದರು. ಬಸ್ ಡಿಪೋದಲ್ಲಿ ಮೂವತ್ತೆಂಟು ವರ್ಷ ಡೀಸೆಲ್ ಮೆಕ್ಯಾನಿಕ್ ಆಗಿದ್ದವರು ಅವರು. ನಲವತ್ತು ಬಸ್ಸು ಒಟ್ಟಿಗೆ ಗೊರಗುಡುತ್ತಿದ್ದರೂ ಯಾವುದಕ್ಕೆ ಕೆಮ್ಮು, ಯಾವುದಕ್ಕೆ ಉಬ್ಬಸ ಎಂದು ಬಾಗಿಲಲ್ಲೇ ನಿಂತು ಹೇಳುತ್ತಿದ್ದರಂತೆ. ಡ್ರೈವರುಗಳೆಲ್ಲ ಅವರನ್ನು 'ಕಿವಿಯಪ್ಪ' ಎಂದೇ ಕರೆಯುತ್ತಿದ್ದರು.

ಸೊಸೆಯ ಕಸುಬು ಕೇಳಿದರೆ ಜನ ಮೊದಲು ನಗುತ್ತಾರೆ, ಆಮೇಲೆ ತಮ್ಮ ಮನೆಯ ಮದುವೆಗೆ ಬಾಡಿಗೆ ಎಷ್ಟು ಎಂದು ವಿಚಾರಿಸುತ್ತಾರೆ. ಗಾಲಿಯ ಮೇಲಿನ ಶೌಚಾಲಯಗಳು ಅವಳವು. ಮೂರು ಟ್ರೇಲರುಗಳು, ಒಂದೊಂದರಲ್ಲೂ ನಾಲ್ಕು ಕೋಣೆ, ಕನ್ನಡಿ, ಕೈ ತೊಳೆಯುವ ತೊಟ್ಟಿ. ನೀರು ತುಂಬಿದರೆ ಆನೆಭಾರ. ಅದನ್ನು ಇಷ್ಟು ದಿನ ಹಳೆಯ ಕಾರೊಂದು ಹೇಗೋ ಎಳೆದುಕೊಂಡು ಬಂದಿತ್ತು. ಎರಡು ತಿಂಗಳ ಹಿಂದೆ ಸೇತುವೆಯ ಇಳಿಜಾರಿನಲ್ಲಿ ಬ್ರೇಕು ಒತ್ತಿದರೆ ಕಾಲು ನೆಲಕ್ಕೇ ಹೋಯಿತು. ಹಿಂದಿನಿಂದ ಟ್ರೇಲರು ನೂಕುತ್ತಿತ್ತು. ಹಿಂದಿನ ಸೀಟಿನಲ್ಲಿ ಆರು ವರ್ಷದ ಮಗಳು ಶಾಲೆಯ ಚೀಲ ತಬ್ಬಿಕೊಂಡು ಕೂತಿದ್ದಳು. ದಿನಾ ಪಕ್ಕದಲ್ಲಿ ಕೂರುವ ಮಾವ ಆವತ್ತು ಬಂದಿರಲಿಲ್ಲ. ಕೆಳಗೆ ಯಾರೋ ಮನೆ ಕಟ್ಟಿಸುತ್ತಿದ್ದ ಪುಣ್ಯಾತ್ಮರು ರಸ್ತೆಗೆ ಸುರಿದಿದ್ದ ಮರಳುಗುಡ್ಡೆ ಅವರಿಬ್ಬರನ್ನೂ ಉಳಿಸಿತು. ಆವತ್ತಿನಿಂದ ಇಳಿಜಾರು ಕಂಡರೆ ಸಾಕು, ಬಸ್ಸಿನಲ್ಲಿ ಕೂತಿದ್ದರೂ ಅವಳ ಬಲಗಾಲು ತಾನಾಗಿ ಬಿಗಿದುಕೊಳ್ಳುತ್ತದೆ.

ಟ್ರೇಲರಿಗೂ ಆ ಕಾರೇ, ಶಾಲೆಗೂ ಅದೇ, ಸಂತೆಗೂ ಅದೇ. ಮನೆಗೆ ಇದ್ದದ್ದು ಅದೊಂದೇ ಗಾಡಿ. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಅವಳ ಗಂಡನಿಗೆ ಸ್ಕೂಟರಿನ ಪಂಕ್ಚರು ಕೂಡ ಅರ್ಥವಾಗುವುದಿಲ್ಲ. "ಅಪ್ಪ ಸರಿ ಅಂದ್ರೆ ಸರಿ, ನೀನ್ಯಾಕೆ ತಲೆ ಕೆಡಿಸ್ಕೋತೀಯ" ಎಂದು ಡ್ಯೂಟಿಗೆ ಹೋಗಿದ್ದ.

ಜಗಲಿಗೆ ಸೋಫಾ ಅಂಗಡಿಯವನ ಹೆಂಡತಿ ಚಹಾ ತಂದಳು.

"ಸಕ್ಕರೆ ಎಷ್ಟು ಹಾಕ್ಲಿ ಯಜಮಾನ್ರೇ?"

"ಮೂವತ್ತೆಂಟು," ಎಂದರು ಮಾವ ಗತ್ತಿನಿಂದ. "ಅದೂ ಒಂದೇ ಡಿಪೋದಲ್ಲಿ."

ಆಕೆ ತಮಾಷೆಯೆಂದುಕೊಂಡು ನಕ್ಕಳು. ಸೊಸೆಯೂ ನಕ್ಕಳು. ಎಲ್ಲರೂ ನಕ್ಕಿದ್ದನ್ನು ನೋಡಿ, ಒಂದು ಗಳಿಗೆ ತಡವಾಗಿ, ಮಾವನೂ ನಕ್ಕರು.

ಅಷ್ಟರಲ್ಲಿ ಹಿಂದಿನ ಶೆಡ್ಡಿನಲ್ಲಿ ಗೋಡೆಗೆ ಒರಗಿಸಿದ್ದ ಕಬ್ಬಿಣದ ಏಣಿ ಕಲ್ಲುಹಾಸಿನ ಮೇಲೆ ಬಿತ್ತು. ಆ ಸದ್ದಿಗೆ ಮಲಗಿದ್ದ ನಾಯಿ ಎದ್ದು ಗೇಟಿನವರೆಗೆ ಓಡಿತು. ಸೊಸೆಯ ಕೈಯ ಚಹಾ ಸೀರೆಯ ಮೇಲೆ ತುಳುಕಿತು. ಮಾವ ಮಾತ್ರ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ, ಅದು ಮುರಿದು ಒಳಗೆ ಬೀಳದ ಹಾಗೆ ಬಹಳ ಜೋಪಾನವಾಗಿ ಬಾಯಿಗೆ ಇಟ್ಟುಕೊಂಡರು.

ಅವಳು ಮಾವನನ್ನೇ ನೋಡಿದಳು. ಫೋನು ಬಂದರೆ "ನೀನೇ ಮಾತಾಡು" ಎಂದು ಕೈಗೆ ಕೊಡುವುದು, ಟೀವಿಯಲ್ಲಿ ನೋಡುವಂಥದ್ದೇನಿದೆ ಎಂದು ಎದ್ದು ಹೋಗುವುದು, ಮೊಮ್ಮಗಳು ಹಿಂದಿನಿಂದ ಕೂಗಿದರೆ ತಿರುಗದೇ ಇರುವುದು. ವಯಸ್ಸಾದವರ ಗಾಂಭೀರ್ಯ ಎಂದು ಮನೆಮಂದಿಯೆಲ್ಲ ಅಂದುಕೊಂಡಿದ್ದ ಒಂದೊಂದೂ ಈಗ ಸಾಲಾಗಿ ಬಂದು ಅವಳ ಮುಂದೆ ನಿಂತವು. ತನ್ನನ್ನೂ ಮಗಳನ್ನೂ ಹೊತ್ತು ಇಳಿಜಾರು ಇಳಿಯಬೇಕಾದ ಗಾಡಿಯನ್ನು ಆರಿಸಲು ಅವಳು ನಂಬಿ ಕರೆತಂದದ್ದು ಒಂದು ಜೊತೆ ಕಿವಿಯನ್ನು. ಆ ಕಿವಿಯೇ ಇರಲಿಲ್ಲ.

ಎರಡು ಗಂಟೆ ಅವಳು ಮುಳ್ಳಿನ ಮೇಲೆ ಕೂತಂತೆ ಕೂತಳು. ಮಾವ ಸುಮ್ಮನಿರಲಿಲ್ಲ. ಗಾಡಿಯ ಅಡಿಗೆ ನುಗ್ಗಿ ತುಕ್ಕು ಕೆರೆದು ನೋಡಿದರು, ಆಯಿಲನ್ನು ಬೆರಳಿಗೆ ಹಚ್ಚಿ ಉಜ್ಜಿದರು, ಟ್ರೇಲರ್ ಕಟ್ಟುವ ಕೊಕ್ಕೆ ಎಷ್ಟು ಸವೆದಿದೆ ಎಂದು ಉಗುರಿನಿಂದ ಅಳೆದರು. ಆ ಕಣ್ಣು, ಆ ಬೆರಳು ಇನ್ನೂ ಡಿಪೋದವೇ. ಬಾನೆಟ್ ತಣ್ಣಗಾದದ್ದನ್ನೂ ಅಂಗೈಯೇ ಹೇಳಿತು.

"ಹ್ಞೂಂ, ಹಾಕಿ," ಎಂದರು.

ಇಂಜಿನ್ನು ಒಂದೇ ಏಟಿಗೆ ಎದ್ದಿತು. ಅದರ ಗೊರಗೊರದ ಒಳಗೆ ಏನೋ ಟಕ್ ಟಕ್ ಟಕ್ ಎಂದು ಬಡಿಯುತ್ತಿತ್ತು. ಹತ್ತು ಎಣಿಸುವಷ್ಟರಲ್ಲಿ ಅದು ನಿಂತು, ಉಳಿದ ಸದ್ದು ಮಾತ್ರ ಉಳಿಯಿತು. ಸೊಸೆ ಮಾವನ ಮುಖವನ್ನೇ ನೋಡುತ್ತಿದ್ದಳು. ಅವರು ತಲೆದೂಗಿದರು.

"ಗಡಿಯಾರ ಇದ್ದಂಗಿದೆ."

ಆಮೇಲೆ ಒಂದು ಸುತ್ತು ಓಡಿಸಿದ್ದು, ದಿಣ್ಣೆ ಹತ್ತಿಸಿದ್ದು, ಬ್ರೇಕು ಹಾಕಿದ್ದು ಯಾವುದೂ ಅವಳ ತಲೆಗೆ ಹತ್ತಲಿಲ್ಲ. ಆ ಟಕ್ ಟಕ್ ಮಾತ್ರ ಕಿವಿಯಲ್ಲಿ ಬಡಿಯುತ್ತಲೇ ಇತ್ತು. ಡೀಸೆಲ್ ಎಂದರೆ ಹಾಗೆಯೇ ಇರಬಹುದು. ಇರದಿರಲೂಬಹುದು. ಯಾರನ್ನು ಕೇಳುವುದು? ಕೇಳಬೇಕಾದವರು ತೀರ್ಪು ಕೊಟ್ಟಾಗಿತ್ತು.

"ನಾಳೆ ಬೆಳಿಗ್ಗೆ ಎಂಟಕ್ಕೆ ಇನ್ನೊಬ್ಬರು ಬರ್ತಿದಾರೆ ಮೇಡಂ," ಎಂದ ಸೋಫಾದವನು. "ನೀವು ಹ್ಞೂಂ ಅಂದ್ರೆ ಈಗ್ಲೇ ಅವರಿಗೆ ಬೇಡ ಅಂತೀನಿ."

ಮಾವ ಸೊಸೆಯ ಕಡೆ ನೋಡಿದರು. ಪರರ ಮುಂದೆ ಅವರ ಮಾನ ಕಳೆಯುವ ಧೈರ್ಯ ಅವಳಿಗಿರಲಿಲ್ಲ. ಹ್ಞೂಂ ಅನ್ನುವ ಧೈರ್ಯವೂ ಇರಲಿಲ್ಲ.

"ಬಣ್ಣ ಹಿಡಿಸ್ಲಿಲ್ಲ," ಎಂದಳು.

ಬೆಳಗಿನಿಂದ ಸಂಜೆವರೆಗೆ ಊರವರ ಕಕ್ಕಸು ತೊಳೆಯುವವಳಿಗೆ ಬೂದು ಬಣ್ಣ ಹಿಡಿಸಲಿಲ್ಲ! ಸೋಫಾದವನು ಕಿಸಕ್ಕೆಂದ. ಮಾವನ ಮುಖ ಕೆಂಪಗಾಯಿತು. ಬಸ್ ಸ್ಟಾಪಿನವರೆಗೆ ಅವಳಿಗಿಂತ ಹತ್ತು ಹೆಜ್ಜೆ ಮುಂದೆ ನಡೆದರು.

"ನಾನು ಚೆನ್ನಾಗಿದೆ ಅಂದ ಮೇಲೂ ಬಣ್ಣ ಅಂತೀಯಲ್ಲ. ಅವನೆದುರು ನನ್ನ ಮಾತಿಗೆ ಏನು ಬೆಲೆ ಉಳೀತು?"

ಅವಳು ಅವರ ಎದುರಿಗೆ ಬಂದು, ಮುಖಕ್ಕೆ ಮುಖ ಕೊಟ್ಟು ನಿಂತಳು.

"ಮಾವ, ನಿಮಗೆ ಕಿವಿ ಕೇಳಿಸ್ತಿಲ್ಲ."

"ಯಾರು ಹೇಳಿದ್ದು?"

"ಏಣಿ ಬಿತ್ತಲ್ಲ."

"ಯಾವ ಏಣಿ?"

ಕೇಳಿದ ಮೇಲೆ ಅವರಿಗೇ ಅರಿವಾಯಿತು. ಕಲ್ಲುಬೆಂಚಿನ ಮೇಲೆ ಮೆಲ್ಲಗೆ ಕೂತರು. ಒಂದು ಬಸ್ಸು ಬಂದು ನಿಂತು ಹೋಯಿತು. ಇಬ್ಬರೂ ಹತ್ತಲಿಲ್ಲ.

"ಮೂರು ವರ್ಷ ಆಯ್ತು," ಎಂದರು ನೆಲ ನೋಡುತ್ತ. "ಮೊದಲು ಸಣ್ಣ ಸದ್ದು ಹೋಯ್ತು. ಆಮೇಲೆ ದೊಡ್ಡದು. ಕಿವಿಯಪ್ಪಂಗೆ ಕಿವುಡು ಅಂತ ಹೇಗಮ್ಮ ಹೇಳ್ಲಿ?" ತಲೆ ಎತ್ತಿದರು. "ಒಂದು ಕೇಳ್ತೀನಿ. ಹಳೇ ಕಾರಿನ ಬ್ರೇಕು ಕೂಗ್ತಿತ್ತಾ?"

ಅವಳಿಗೆ ಸುಳ್ಳು ಹೇಳಬೇಕೆನಿಸಿತು. ಆದರೆ ಅವರು ಅವಳ ತುಟಿಯನ್ನೇ ನೋಡುತ್ತಿದ್ದರು.

"ಒಂದು ತಿಂಗಳಿಂದ ಕೂಗ್ತಿತ್ತು."

"ನನಗ್ಯಾಕೆ ಹೇಳ್ಲಿಲ್ಲ?"

"ದಿನಾ ನನ್ನ ಪಕ್ಕದಲ್ಲೇ ಕೂತು ಶಾಲೆವರೆಗೆ ಬರ್ತಿದ್ರಲ್ಲ ಮಾವ. ನಿಮಗೆ ಕೇಳಿಸ್ತಿರುತ್ತೆ, ಏನೂ ಇಲ್ಲದ್ದಕ್ಕೇ ಸುಮ್ನಿದೀರಿ ಅಂದ್ಕೊಂಡೆ. ಇವರೂ ಹಾಗೇ ಅಂದ್ರು."

ಮಾವ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಮನೆಮಂದಿಗೆಲ್ಲ ಕೇಳಿಸಿದ್ದು ಅವರೊಬ್ಬರಿಗೆ ಕೇಳಿಸದೆ, ಅವರಿಗೆ ಕೇಳಿಸುತ್ತದೆಂದು ಯಾರೂ ಬಾಯಿ ಬಿಡದೆ, ಮಗು ಆ ಇಳಿಜಾರಿಗೆ ಹೋಗಿತ್ತು.

ಆಮೇಲೆ ಮುಖದಿಂದ ಕೈ ತೆಗೆದು ಅವರೇ ಕೇಳಿದರು. "ಇವತ್ತು ಏನು ಕೇಳಿಸ್ತು?"

ಅವಳು ಅವರ ಮೊಣಕೈಯ ಮೇಲೆ ಬೆರಳಿನಿಂದ ಬಡಿದು ತೋರಿಸಿದಳು. ಹತ್ತು ಎಣಿಸುವಷ್ಟರಲ್ಲಿ ನಿಂತಿತು ಎಂದಳು.

"ಮೇಲಿಂದ ಬಂತಾ, ಕೆಳಗಿಂದ ಬಂತಾ? ಮೇಲಿನದಾದ್ರೆ ಡೀಸೆಲ್ ಚಿಮ್ಮಿಸೋ ಇಂಜೆಕ್ಟರು. ತಣ್ಣಗಿರೋ ಡೀಸೆಲ್ ಹಾಗೇ ಗದ್ದಲ ಮಾಡುತ್ತೆ, ಭಯ ಇಲ್ಲ. ಕೆಳಗಿನದಾದ್ರೆ ಬೇರಿಂಗ್ ಸವೆದಿದೆ. ಆಯಿಲ್ ಏರಿದ ಕೂಡ್ಲೇ ಅದೂ ನಿಲ್ಲುತ್ತೆ, ಆದ್ರೆ ಭಾರ ಹಾಕಿದ ದಿನ ನಡುರಸ್ತೇಲಿ ಕೈ ಕೊಡುತ್ತೆ."

"ಗೊತ್ತಿಲ್ಲ ಮಾವ. ನಾನು ನಿಮ್ಮ ಮುಖ ನೋಡ್ತಿದ್ದೆ."

"ನಾನು ನಿನ್ನ ಮುಖ ನೋಡ್ತಿದ್ದೆ," ಎಂದರು ಅವರು. "ನೀನು ಅಲುಗಾಡ್ಲಿಲ್ಲ. ಅದಕ್ಕೇ ಚೆನ್ನಾಗಿದೆ ಅಂದೆ."

ಮರುದಿನ ಬೆಳಿಗ್ಗೆ ಆರೂವರೆಗೆ ಸೋಫಾದವನು ಬಾಯಲ್ಲಿ ಹಲ್ಲುಜ್ಜುವ ಬ್ರಶ್ ಇಟ್ಟುಕೊಂಡೇ ಬಾಗಿಲು ತೆರೆದ. ಬಾನೆಟ್ ತಣ್ಣಗಿತ್ತು. ಅವನು ಏನಾದರೂ ಕೇಳುವ ಮೊದಲೇ ಮಾವ ಶುರುಮಾಡಿದರು.

"ನನಗೆ ಕಿವಿ ಕೇಳಲ್ಲಪ್ಪ. ನಿನ್ನೆ ಚೆನ್ನಾಗಿದೆ ಅಂದಿದ್ದು ಸುಳ್ಳು. ಇವಳು ಬಣ್ಣದ ಮಾತಾಡಿದ್ದು ನನ್ನ ಮರ್ಯಾದೆ ಉಳಿಸೋಕೆ. ಇವತ್ತು ಇವಳು ಕೇಳ್ತಾಳೆ. ನೀನು ಸ್ಟಾರ್ಟ್ ಮಾಡು."

ಬ್ರಶ್ ಕಚ್ಚಿಕೊಂಡೇ ಅವನು ಕೀಲಿ ತರಲು ಒಳಗೆ ಹೋದ. ಮಾವ ಸೊಸೆಯ ಜಡೆಯನ್ನು ಹಿಂದಕ್ಕೆ ಕಟ್ಟಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳಲು ಹೇಳಿ, ಉದ್ದನೆಯ ಸ್ಕ್ರೂಡ್ರೈವರೊಂದನ್ನು ಕೈಗೆ ಕೊಟ್ಟರು. ತುದಿ ಇಂಜಿನ್ನಿಗೆ, ಹಿಡಿ ಕಿವಿಯ ಹಿಂದಿನ ಎಲುಬಿಗೆ. ಮೊದಲು ಮೇಲೆ, ಐದು ಎಣಿಸಿ. ಆಮೇಲೆ ಕೆಳಗೆ, ಐದು. ತಪ್ಪಿದರೆ ಇಂಜಿನ್ನು ಬಿಸಿಯಾಗುತ್ತದೆ, ಮತ್ತೆ ತಣ್ಣಗಾಗುವಷ್ಟರಲ್ಲಿ ಎಂಟು ಗಂಟೆಯವರು ಬಂದಿರುತ್ತಾರೆ.

ಇಂಜಿನ್ನು ಎದ್ದಿತು. ಅವಳ ತಲೆಬುರುಡೆಯೊಳಗೇ ಎದ್ದಂತಾಯಿತು. ಇಂಜಿನ್ನಿನ ಮೇಲ್ಗಡೆ, ತಗಡಿನ ಸೂರಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ ಪಟಪಟ, ಚೂಪಾಗಿ. ಮೂರು, ನಾಲ್ಕು, ಐದು. ಕೈಯನ್ನು ಕೆಳಗೆ ಇಳಿಸಿದಳು. ಕೆಳಗೆ ಬರೀ ದಪ್ಪನೆಯ ಗುಂಯ್. ಅದರ ಅಡಿಯಲ್ಲಿ ಏನಾದರೂ ಇತ್ತೇ? ಹಿಡಿಯನ್ನು ಎಲುಬಿಗೆ ಇನ್ನಷ್ಟು ಒತ್ತಿದಳು. ಎಂಟು, ಒಂಬತ್ತು. ಗುಂಯ್ ಅಷ್ಟೇ. ಹತ್ತು. ಸ್ಕ್ರೂಡ್ರೈವರನ್ನು ಮತ್ತೆ ಮೇಲಕ್ಕೆ ಇಟ್ಟಾಗ ಆಲಿಕಲ್ಲೂ ನಿಂತಿತ್ತು.

"ಎಲ್ಲಿ?" ಎಂದರು ಮಾವ.

"ಮೇಲೆ."

"ಕೆಳಗೆ?"

"ಕೆಳಗೆ ಇರ್ಲಿಲ್ಲ."

"ಖಂಡಿತಾನಾ?"

ಈ ಪ್ರಶ್ನೆಯನ್ನು ಇಷ್ಟು ವರ್ಷ ಅವಳು ಅವರಿಗೆ ಕೇಳುತ್ತಿದ್ದಳು, ಅವರು ಹೌದು ಅನ್ನುತ್ತಿದ್ದರು, ಅವಳು ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದಳು. ಈಗ ಕೇಳಲು ಅವಳ ಹಿಂದೆ ಯಾರೂ ಇರಲಿಲ್ಲ. ಕೈ ಇಳಿಸುವಾಗ ಒಂದು ಗಳಿಗೆ ತಡವಾಯಿತೇ? ಹೆದರಿ, ಬೇಕಾದ್ದನ್ನೇ ಕೇಳಿಸಿಕೊಂಡೆನೇ? ಮಾವ ಕಣ್ಣು ಮಿಟುಕಿಸದೆ ಅವಳ ಬಾಯಿ ನೋಡುತ್ತಿದ್ದರು. ಸೋಫಾದವನೂ ನೋಡುತ್ತಿದ್ದ.

"ಖಂಡಿತ," ಎಂದಳು.

ಮಾವ ಎರಡನೇ ಸಲ ಕೇಳಲಿಲ್ಲ. "ಹಾಗಾದ್ರೆ ತಗೋ," ಎಂದು ಹಿಂದೆ ಸರಿದರು.

ಕಾಗದಪತ್ರ ಮುಗಿಸಿ ಗಾಡಿ ರಸ್ತೆಗಿಳಿದಾಗ ಮಧ್ಯಾಹ್ನವಾಗಿತ್ತು. ಸ್ಟೀರಿಂಗ್ ಅವಳ ಕೈಯಲ್ಲಿತ್ತು. ಮಾವ ಪಕ್ಕದಲ್ಲಿ ಕೂತಿದ್ದರು. ಸೇತುವೆ ದಾಟಿ ರಸ್ತೆ ಇಳಿಯತೊಡಗಿದಾಗ ಅವಳು ಗೇರು ಇಳಿಸಿ ಬ್ರೇಕಿನ ಮೇಲೆ ಕಾಲಿಟ್ಟಳು. ಗಾಡಿ ಅವಳು ಹೇಳಿದ ಮಾತು ಕೇಳಿತು.

"ಬ್ರೇಕು ಏನಾದ್ರೂ ಅಂತಿದ್ಯಾ?" ಎಂದರು ಮಾವ.

"ಇಲ್ಲ."

"ಅಂದ ದಿನ ನನಗೆ ಹೇಳು."

"ಹೇಳ್ತೀನಿ ಮಾವ."

"ಸಣ್ಣದಾದ್ರೂ ಹೇಳು. ನನಗೆ ಗೊತ್ತಿರುತ್ತೆ ಅಂದ್ಕೋಬೇಡ." ಅವರು ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಇಟ್ಟರು. "ಈಗ ಹೇಗಿದೆ ಸದ್ದು, ಅದನ್ನೂ ಹೇಳು."

ಅವಳು ರಸ್ತೆಯಿಂದ ಕಣ್ಣು ತೆಗೆಯದೆ ಹೇಳುತ್ತಾ ಹೋದಳು. ಎರಡನೇ ಗೇರಿನಲ್ಲಿ ಹೀಗೆ, ಮೂರನೆಯದರಲ್ಲಿ ಹೀಗೆ, ಕಾಲು ಎತ್ತಿದರೆ ಹೀಗೆ. ಮಾವ ಸೀಟಿನಲ್ಲಿ ಪೂರ್ತಿ ಪಕ್ಕಕ್ಕೆ ತಿರುಗಿ, ಮನೆ ಬರುವವರೆಗೂ ಅವಳ ಬಾಯನ್ನೇ ನೋಡುತ್ತ ಬಂದರು.