ಬೆಂಗಾವಲು

ಆಂಬುಲೆನ್ಸಿನಲ್ಲಿ ಹದಿನೇಳು ವರ್ಷ ದುಡಿದ ಮೇಲೆ ನನಗೆ ಚೆನ್ನಾಗಿ ಬರುವ ಕೆಲಸ ಒಂದೇ, ಕಾಯುವುದು. ಆಸ್ಪತ್ರೆಯ ಬಾಗಿಲಲ್ಲಿ ಹಾಸಿಗೆ ಖಾಲಿಯಾಗಲಿ ಎಂದು ಕಾಯುತ್ತೇವೆ. ತಲೆ ಕೆಟ್ಟವನನ್ನು ಕರೆದುಕೊಂಡು ಹೋದರೆ ಅವನನ್ನು ಸೇರಿಸಿಕೊಳ್ಳುವವರು ಯಾರೆಂದು ತೀರ್ಮಾನವಾಗಲಿ ಎಂದು ಕಾಯುತ್ತೇವೆ. ಆ ಮಂಗಳವಾರ ಮಧ್ಯಾಹ್ನ ಪೊಲೀಸ್ ಠಾಣೆಯ ಅಂಗಳದಲ್ಲಿ ಪೊಲೀಸರಿಗಾಗಿ ಕಾಯುತ್ತಿದ್ದೆವು.

ದಕ್ಷಿಣ ಆಫ್ರಿಕಾದ ಈಸ್ಟರ್ನ್ ಕೇಪ್ ಕರಾವಳಿಯ ನಮ್ಮ ಮ್ಜಾಮೊ ಬಡಾವಣೆ ಕೆಂಪು ಪಟ್ಟಿಯಲ್ಲಿದೆ. ಆ ಪಟ್ಟಿಯಲ್ಲಿರುವ ಜಾಗಕ್ಕೆ ಪೊಲೀಸ್ ವ್ಯಾನಿನ ಬೆಂಗಾವಲಿಲ್ಲದೆ ಆಂಬುಲೆನ್ಸ್ ಹೋಗುವಂತಿಲ್ಲ. ಮೊದಲು ಠಾಣೆಗೆ ಬರಬೇಕು, ವ್ಯಾನು ಮುಂದೆ ಹೊರಟ ಮೇಲೆ ಹಿಂದೆ ಹೋಗಬೇಕು. ಈ ನಿಯಮ ಬಂದದ್ದು ನನ್ನಂಥವರಿಂದಲೇ. ಹೋದ ವರ್ಷ ಜೂನಿನಲ್ಲಿ ಮ್ಜಾಮೊದ ಒಂದು ಓಣಿಯಲ್ಲಿ ನಾನು ಮುದುಕಿಯೊಬ್ಬಳ ಸಕ್ಕರೆ ಕಾಯಿಲೆ ನೋಡುತ್ತಿದ್ದಾಗ ಇಬ್ಬರು ಬಂದು ನನ್ನ ಕಿವಿಯ ಮೇಲೆ ಪಿಸ್ತೂಲಿಟ್ಟು ಫೋನು, ಉಂಗುರ, ಔಷಧಿ ಚೀಲ ಎಲ್ಲ ಒಯ್ದರು. ನನ್ನ ಆಗಿನ ಜೊತೆಗಾರ ಮರುದಿನ ಕೆಲಸ ಬಿಟ್ಟ. ನಾನು ಬಿಡಲಿಲ್ಲ, ಆದರೆ ಅಂದಿನಿಂದ ಬೆನ್ನ ಹಿಂದೆ ಚಪ್ಪಲಿ ಸದ್ದಾದರೆ ಸಾಕು, ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತೇನೆ.

ಹನ್ನೆರಡು ಐವತ್ತಕ್ಕೆ ಕರೆ ಬಂದಿತ್ತು. ವುಯೆಲ್ವಾ ಎಂಬಾಕೆ, ಮೂವತ್ತೆಂಟು ವರ್ಷ, ಮ್ಜಾಮೊದ ಪ್ರೈಮರಿ ಶಾಲೆಯ ಅಡುಗೆಯವಳು. ಉಬ್ಬಸ ಹೆಚ್ಚಾಗಿ ಕೆಲಸದ ನಡುವೆಯೇ ಮನೆಗೆ ಹೋಗಿದ್ದಾಳೆ, ಮಾತಾಡಲು ಆಗುತ್ತಿಲ್ಲ. ಎಳೆದುಕೊಳ್ಳುವ ಇನ್‌ಹೇಲರ್ ಪಂಪು ಕ್ಲಿನಿಕ್ಕಿನಲ್ಲಿ ಮುಗಿದು ಮೂರು ವಾರವಾಗಿತ್ತಂತೆ. ಅವಳಿಗೆ ಬೇಕಾದ ಆಮ್ಲಜನಕ ಎರಡು ಸಿಲಿಂಡರ್ ತುಂಬ ನನ್ನ ಬೆನ್ನ ಹಿಂದೆಯೇ ಇತ್ತು. ಠಾಣೆಯಿಂದ ಅವಳ ಮನೆಗೆ ಎರಡೂವರೆ ಕಿಲೋಮೀಟರು.

ಠಾಣೆಗೆ ಎರಡು ವ್ಯಾನು. ಒಂದು ಟಯರಿಲ್ಲದೆ ಇಟ್ಟಿಗೆ ಮೇಲೆ ಕೂತಿದೆ, ಅದರ ಕೆಳಗೆ ಕೋಳಿ ಮರಿ ಮಾಡಿದೆ. ಇನ್ನೊಂದು ಹೊರಗೆ ಹೋಗಿತ್ತು. ಮೇಜಿನ ಹಿಂದಿದ್ದ ಸಾರ್ಜೆಂಟ್ ಮಫೂಮಾ, ವ್ಯಾನಿನವರಿಗೆ ಫೋನಿನಲ್ಲಿ ವಿಳಾಸ ಹೇಳಿಯಾಗಿದೆ, ಇನ್ನೇನು ಬಂದುಬಿಡುತ್ತಾರೆ ಎಂದ. ಒಂದು ಗಂಟೆಗೆ ಕರೆಂಟು ಹೋಯಿತು. ಮ್ಜಾಮೊದ ಫೋನ್ ಟವರಿನ ಬ್ಯಾಟರಿಯನ್ನು ಕಳ್ಳರು ಎಂದೋ ಹೊತ್ತೊಯ್ದಿದ್ದರಿಂದ ಕರೆಂಟಿನ ಜೊತೆ ಅಲ್ಲಿನ ಫೋನುಗಳೂ ಸತ್ತವು. ವ್ಯಾನಿನ ವೈರ್‌ಲೆಸ್ ಕೆಟ್ಟು ಎರಡು ತಿಂಗಳಾಗಿತ್ತು.

ನನ್ನ ಡ್ರೈವರು ಫೆಜಿಲೆ, ಐವತ್ತೆರಡರ ಮನುಷ್ಯ, ಮಂಡಿ ನೋವಿನವನು. ಬೆಳಿಗ್ಗೆ ಕೊಂಡ ಕರಿದ ಗ್ವಿನ್ಯಾ ಉಂಡೆಗಳ ಪೊಟ್ಟಣ ಹಾಗೇ ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಒಂದೂ ಇಪ್ಪತ್ತಕ್ಕೆ ಹೋಗೋಣವೇ ಎಂದು ಕೇಳಿದ. ಬೇಡ ಎಂದೆ. ಒಂದೂ ಮೂವತ್ತೈದಕ್ಕೆ ಮತ್ತೆ ಕೇಳಿದ.

"ನಿನ್ನ ಕಿವಿ ಮೇಲೆ ಪಿಸ್ತೂಲು ಇಟ್ಟಿದ್ರಾ ಯಾರಾದ್ರೂ?" ಎಂದೆ.

"ಇಲ್ಲ ಮಾರಾಯ್ತಿ. ಆದ್ರೆ ಆ ಹೆಂಗಸು ಹೋದ್ರೆ ಈ ಉಂಡೆ ನನ್ನ ಗಂಟಲಲ್ಲಿ ಇಳಿಯಲ್ಲ."

ನಾನು ಕಿಟಕಿಯಾಚೆ ನೋಡಿದೆ. ನಿಯಮ ನನ್ನ ಪರವಾಗಿತ್ತು, ಅಷ್ಟೇ ನನ್ನ ಪರವಾಗಿದ್ದದ್ದು. ಹೆದರಿದವಳಿಗೆ ನಿಯಮದಷ್ಟು ಬೆಚ್ಚಗಿನ ಹೊದಿಕೆ ಬೇರೆ ಇಲ್ಲ. ಇದನ್ನು ಯಾವ ವರದಿಯಲ್ಲೂ ಬರೆದಿಲ್ಲ, ಇಲ್ಲಿ ಹೇಳುತ್ತಿದ್ದೇನೆ.

ಒಂದೂ ಐವತ್ತಕ್ಕೆ ಫೆಜಿಲೆ ಪೊಟ್ಟಣ ಪಕ್ಕಕ್ಕಿಟ್ಟು ಎಂಜಿನ್ ಚಾಲೂ ಮಾಡಿದ. ನಾನು ಹೋಗು ಎನ್ನಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಬಾಗಿಲಿನ ಬೀಗ ಎರಡು ಸಲ ಒತ್ತಿದೆ.

ಹಳದಿ ಬಣ್ಣದ ಅಂಗಡಿ ದಾಟಿ ಓಣಿಗೆ ತಿರುಗಿದಾಗ ಮೊದಲು ಕಂಡದ್ದು ಪೊಲೀಸ್ ವ್ಯಾನು. ವುಯೆಲ್ವಾಳ ತಗಡಿನ ಮನೆಯ ಮುಂದೆ ನಿಂತಿತ್ತು. ಪಕ್ಕದಲ್ಲಿ ಇಬ್ಬರು ಕಾನ್‌ಸ್ಟೇಬಲ್‌ಗಳು. ದಪ್ಪಗಿದ್ದವನು, ನ್ಡಿಟ್ಷಾ ಎಂದು ಅಂಗಿಯ ಮೇಲೆ ಬರೆದಿತ್ತು, ನಮ್ಮನ್ನು ಕಂಡವನೇ ಓಡಿಬಂದ.

"ಎಲ್ಲಿ ಸತ್ತಿದ್ರಿ ನೀವು? ಒಂದು ಗಂಟೆಯಿಂದ ಇಲ್ಲೇ ಕಾಯ್ತಾ ಇದೀವಿ."

"ನಾವು ಒಂದು ಗಂಟೆಯಿಂದ ಠಾಣೇಲಿ ಕಾಯ್ತಾ ಇದೀವಿ" ಎಂದೆ.

ಆಮೇಲೆ ಗೊತ್ತಾದದ್ದು ಇಷ್ಟು. ಹಿಂದಿನ ವಾರ ಅವನು ಆಂಬುಲೆನ್ಸಿಗಾಗಿ ಠಾಣೆಯಲ್ಲಿ ಎರಡು ಗಂಟೆ ಕಾದಿದ್ದ, ಅದು ಬರಲೇ ಇಲ್ಲ, ಬೈಗುಳ ತಿಂದದ್ದು ಇವನು. ಹಾಗಾಗಿ ಈ ಸಲ ನೆಟ್ಟಗೆ ಮನೆಗೇ ಬಂದಿದ್ದ. ವುಯೆಲ್ವಾಳನ್ನು ವ್ಯಾನಿನಲ್ಲೇ ಹಾಕಿಕೊಂಡು ಹೋಗಬಹುದಿತ್ತು. ಆದರೆ ಬಸುರಿಯೊಬ್ಬಳನ್ನು ಹಾಗೆ ಸಾಗಿಸಿದ್ದಕ್ಕೆ ಅವನ ಮೇಲೆ ಇಲಾಖೆಯ ವಿಚಾರಣೆ ಇನ್ನೂ ನಡೆಯುತ್ತಿದೆ. ಈಗ ಬರ್ತಾರೆ, ಈಗ ಬರ್ತಾರೆ ಅಂತ ಹೊತ್ತು ಹೋಯ್ತು ಎಂದ. ಅವನನ್ನು ಬೈಯಲು ನನಗೆ ಬಾಯಿರಲಿಲ್ಲ.

ವುಯೆಲ್ವಾ ಒಳಗೆ ಚಾಪೆಯ ಮೇಲಿದ್ದಳು, ಶಾಲೆಯ ಹಸಿರು ಏಪ್ರನ್ ಇನ್ನೂ ಮೈಮೇಲಿತ್ತು. ಉಸಿರು ನಿಂತು ಐದು ನಿಮಿಷವಾಗಿರಬಹುದು. ಫೆಜಿಲೆ ನೋವಿನ ಮಂಡಿಯೂರಿ ಅವಳ ಎದೆ ಒತ್ತಿದ, ನಾನು ಗಾಳಿ ಕೊಟ್ಟೆ, ಸೂಜಿ ಚುಚ್ಚಿದೆ. ಕೈ ಸೋತಾಗ ಜಾಗ ಬದಲಿಸಿದೆವು. ನಲವತ್ತು ನಿಮಿಷದ ನಂತರ ನಾನು ಗಡಿಯಾರ ನೋಡಿ ಹೊತ್ತನ್ನು ಗಟ್ಟಿಯಾಗಿ ಹೇಳಿದೆ. ಮೂಲೆಯಲ್ಲಿ ಹಸಿರು ಏಪ್ರನ್ನಿನ ನಾಲ್ಕು ಹೆಂಗಸರು ನಿಂತಿದ್ದರು, ಅವಳ ಜೊತೆ ಅಡುಗೆ ಮಾಡುವವರು. ಒಬ್ಬಳು ಬಗ್ಗಿ ವುಯೆಲ್ವಾಳ ಕಾಲಿನ ಬೂಟು ಬಿಚ್ಚಿದಳು. ನನಗೆ ಅಳು ಬರಲಿಲ್ಲ, ಎಲ್ಲಾದರೂ ಮಲಗಿಬಿಡಬೇಕು ಅನ್ನಿಸಿತು.

ಗಾಡಿಗೆ ಮರಳುವಷ್ಟರಲ್ಲಿ ಆಂಬುಲೆನ್ಸ್ ಕಂಟ್ರೋಲ್ ರೂಮಿನವಳು ವೈರ್‌ಲೆಸ್ಸಿನಲ್ಲಿ ಕೂಗುತ್ತಿದ್ದಳು. ಮ್ಜಾಮೊದಲ್ಲೇ, ಸುಟ್ಟುಹೋದ ಗ್ರಂಥಾಲಯದ ಹಿಂದೆ, ನಾಲ್ಕು ವರ್ಷದ ಮಗುವಿನ ಮೇಲೆ ಕುದಿಯುವ ನೀರು ಬಿದ್ದಿದೆ. ಮಗುವಿನ ಅಪ್ಪ ಹೆದ್ದಾರಿವರೆಗೆ ಓಡಿಬಂದು ಫೋನು ಮಾಡಿದ್ದಾನೆ. ಬೆಂಗಾವಲು ತೆಗೆದುಕೊಂಡೇ ಹೋಗಿ ಎಂದಳು.

ನ್ಡಿಟ್ಷಾ ಆಗದೆಂದು ತಲೆಯಾಡಿಸಿದ. ಹೆಣವನ್ನು ಶವಾಗಾರದ ಗಾಡಿಗೆ ಒಪ್ಪಿಸುವವರೆಗೆ ಇಬ್ಬರೂ ಇಲ್ಲಿಂದ ಕದಲುವಂತಿಲ್ಲ. ಮೂರು ಊರಿಗೆ ಇರುವುದು ಒಂದೇ ಶವದ ಗಾಡಿ, ಅದು ಕತ್ತಲಾಗುವುದರೊಳಗೆ ಬಂದರೆ ಪುಣ್ಯ. ಫೆಜಿಲೆ ನನ್ನ ಮುಖ ನೋಡಿದ. ಗ್ರಂಥಾಲಯದ ಹಿಂದಿನ ಓಣಿ ಯಾವುದೆಂದು ಅವನಿಗೂ ಗೊತ್ತು. ನನ್ನ ಕಿವಿಯ ಮೇಲೆ ಪಿಸ್ತೂಲಿಟ್ಟದ್ದು ಅಲ್ಲೇ.

ಅಡುಗೆಯವರಲ್ಲಿ ಹಿರಿಯಳು, ಕುಲದ ಹೆಸರಿನಿಂದ ಎಲ್ಲರೂ ಮಾಂಭೇಲೆ ಎಂದು ಕರೆಯುವವಳು, ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಕಣ್ಣು ಒರೆಸಿಕೊಂಡು ನನ್ನ ಕಿಟಕಿಯ ಹತ್ತಿರ ಬಂದಳು.

"ನಾವು ಮುಂದೆ ನಡೀತೀವಿ, ನೀವು ಹಿಂದೆ ಬನ್ನಿ."

ಅಲ್ಲಿರುವವರು ಪಿಸ್ತೂಲಿನವರು ಅಮ್ಮಾ ಎಂದೆ.

"ಯಾರು ಅಂತ ನಂಗೊತ್ತಿಲ್ವಾ? ಆರೇಳು ವರ್ಷ ನನ್ನ ಕೈಲೇ ಬಡಿಸಿಕೊಂಡು ತಿಂದವ್ರು. ಬೀನ್ಸ್ ಬೇಡ ಅಂತ ಗಲಾಟೆ ಮಾಡಿದ್ರೆ ಸೌಟು ತೋರಿಸ್ತಿದ್ದೆ. ಬನ್ನಿ, ಮಗು ಸುಟ್ಕೊಂಡಿದೆ."

ಇಬ್ಬರನ್ನು ಹೆಣದ ಬಳಿ ಬಿಟ್ಟು ಇಬ್ಬರು ಹೊರಟರು. ಗಾಡಿಯ ಮುಂದೆ, ದಾರಿಯ ನಡುವೆ, ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಬಿರಬಿರನೆ ನಡೆದರು. ತಿರುವಿನಲ್ಲಿ ಮೂವರು ಹುಡುಗರು ಗೋಡೆಯ ಮೇಲೆ ಕೂತಿದ್ದರು. ಮಾಂಭೇಲೆ ಅವರಲ್ಲಿ ಒಬ್ಬನನ್ನು ಹೆಸರು ಹಿಡಿದು ಕೂಗಿ, ದಾರಿಯ ಕಲ್ಲು ತೆಗಿ ಎಂದಳು. ಅವನು ಗೋಡೆಯಿಂದಿಳಿದು, ತಲೆಯ ಟೊಪ್ಪಿ ತೆಗೆದು, ಕಲ್ಲು ಪಕ್ಕಕ್ಕೆ ಸರಿಸಿದ. ಅವನ ಕೈ ನನಗೆ ಗುರುತು ಸಿಕ್ಕಿತೋ ಇಲ್ಲವೋ, ಇಂದಿಗೂ ಹೇಳಲಾರೆ.

ಕಿಟಕಿ ಇಳಿಸಿದೆ. ವುಯೆಲ್ವಾಳ ಮನೆಗೆ ನೀವು ಬಂದದ್ದು ಎಷ್ಟು ಹೊತ್ತಿಗೆ ಎಂದು ಮಾಂಭೇಲೆಯನ್ನು ಕೇಳಿದೆ. ಕೇಳಬಾರದಿತ್ತು.

"ಹನ್ನೆರಡೂವರೆಗೇ ಬಂದ್ವಿ. ಅವಳನ್ನ ಹಿಡ್ಕೊಂಡು ಬಂದಿದ್ದೇ ನಾವು."

"ಠಾಣೆಗೆ ಬಂದಿದ್ರೆ ನಿಮ್ಮ ಹಿಂದೆ ಬರ್ತಿದ್ವಲ್ಲಮ್ಮಾ."

ಮಾಂಭೇಲೆ ನಡಿಗೆ ನಿಲ್ಲಿಸಲಿಲ್ಲ, ಹಿಂದಿರುಗಿಯೂ ನೋಡಲಿಲ್ಲ.

"ಬರೋಕೆ ಏನಿತ್ತು ಮಗಳೇ, ಅರ್ಧ ಗಂಟೆ ದಾರಿ. ನಾವೇ ಬಂದು ಮುಂದೆ ನಡೀಬಹುದಾ ಅಂತ ಫೋನಲ್ಲಿ ಕೇಳಿದ್ವಿ. ಪೊಲೀಸರೇ ಆಗ್ಬೇಕು, ನೀವೆಲ್ಲ ಮನೇಲೇ ಕಾಯ್ತಾ ಇರಿ ಅಂದ್ರು."

ಫೆಜಿಲೆ ಗಾಡಿಯನ್ನು ಮೊದಲ ಗೇರಿನಲ್ಲಿಟ್ಟು ಅವರ ಹಿಂದೆ ನಿಧಾನವಾಗಿ ಬಿಡುತ್ತಿದ್ದ. ನಾನು ಸುಟ್ಟ ಗಾಯದ ಪಟ್ಟಿ ಹೊರಗೆ ತೆಗೆದಿಟ್ಟುಕೊಂಡೆ.