ಹಣಿಗೆಯಲ್ಲಿ ಉಳಿದ ಎಳೆಗಳು

೧

ಎಲ್ಲಿಂದ ಶುರು ಮಾಡಲಿ, ಹೇಳಿ. ಸಿಂಗಪುರ ಬಿದ್ದ ದಿನದಿಂದ ಶುರು ಮಾಡಿದರೆ ಇತಿಹಾಸದ ಮೇಷ್ಟ್ರ ಪಾಠವಾಗುತ್ತದೆ. ಮಗನ ಕಾಗದ ಬರಲಿಲ್ಲ ಎಂದು ಶುರು ಮಾಡಿದರೆ ನೀವು ಪುಟ ತಿರುಗಿಸುತ್ತೀರಿ, ನನಗೆ ಗೊತ್ತು. ಮಗ್ಗದಿಂದಲೇ ಶುರು ಮಾಡುತ್ತೇನೆ. ೧೯೪೪ನೇ ಇಸವಿ, ದೊಡ್ಡಬಳ್ಳಾಪುರದ ಒಂದು ನೇಕಾರರ ಮನೆ. ನಡುಮನೆಯಲ್ಲಿ ಗುಂಡಿ ಮಗ್ಗ. ಮಗ್ಗದಲ್ಲಿ ಸೀರೆ ಇಲ್ಲ.

(ಹಿಂದಿನ ಡ್ರಾಫ್ಟಿನಲ್ಲಿ ಅರ್ಧ ನೇಯ್ದ ಸೀರೆ ಇತ್ತು. ಹಸಿರು ಮೈ, ಕೆಂಪು ಅಂಚು. ಸಿನಿಮಾ ಥರ ಆಯ್ತು ಅಂತ ಕಿತ್ತು ಹಾಕಿದೆ.)

೨

ಸೀರೆ ಇಲ್ಲ, ಆದರೆ ಹಣಿಗೆಯಲ್ಲಿ ರೇಷ್ಮೆ ಎಳೆಗಳಿವೆ. ಹಣಿಗೆ ಎಂದರೆ ಮಗ್ಗದ ಬಾಚಣಿಗೆ. ಹಾಸಿನ, ಅಂದರೆ ಸೀರೆಯ ಉದ್ದಕ್ಕೆ ಹೋಗುವ, ಎಳೆಗಳೆಲ್ಲ ಅದರ ಹಲ್ಲುಗಳ ನಡುವೆ ನುಸುಳಿ ಬರಬೇಕು. ಒಂದು ಹಾಸು ಮುಗಿದಾಗ ನೇಕಾರ ಅದನ್ನು ಪೂರ್ತಿ ಬಿಚ್ಚುವುದಿಲ್ಲ. ಗೇಣುದ್ದ ಎಳೆ ಉಳಿಸಿ, ಅದರ ತುದಿಗೆ ಹೊಸ ಹಾಸಿನ ತುದಿಯನ್ನು ಒಂದೊಂದಾಗಿ ಹೊಸೆದು ಸೇರಿಸುತ್ತಾನೆ. ಬೆರಳು ಜಾರದಿರಲಿ ಎಂದು ಪಕ್ಕದಲ್ಲಿ ಬೂದಿ ಇಟ್ಟುಕೊಳ್ಳುತ್ತಾರೆ. ಇದಕ್ಕೆ ಕೆಚ್ಚುವುದು ಎನ್ನುತ್ತಾರೆ. ಸಾವಿರಾರು ಎಳೆ. ಈ ಮನೆಯಲ್ಲಿ ಆ ಕೆಲಸ ಮಾಡುತ್ತಿದ್ದವರು ಅಕ್ಕಯ್ಯಮ್ಮ ಮತ್ತು ಅವಳ ಮಗ ರಾಮಲಿಂಗ, ಒಬ್ಬರು ಆ ಕಡೆ, ಒಬ್ಬರು ಈ ಕಡೆ.

ಮೂರು ವರ್ಷದ ಹಿಂದೆ ಸೀರೆ ಕೇಳುವವರಿಲ್ಲದೆ ರಾಮಲಿಂಗ ಬ್ರಿಟಿಷರ ಪಲ್ಟನ್ ಸೇರಿದ. ಹೋಗುವಾಗ ಅಂದ: “ಅಮ್ಮಾ, ಎಳೆ ತೆಗೀಬೇಡ ಕಣಮ್ಮ. ಬಂದ್ಮೇಲೆ ಇಬ್ರೂ ಕೂತು ಕೆಚ್ಚೋಣ.”

೩

ಅವನು ಹಡಗು ಹತ್ತಿದ. ಸಿಂಗಪುರ ಜಪಾನಿಗಳ ಕೈಗೆ ಬಿತ್ತು. “ಪತ್ತೆಯಿಲ್ಲ” ಎಂದು ಒಂದು ಕಾಗದ ಬಂತು, ಆಮೇಲೆ ಏನೂ ಬರಲಿಲ್ಲ. ರೇಷ್ಮೆಯನ್ನೆಲ್ಲ ಸರ್ಕಾರ ಪ್ಯಾರಾಚೂಟಿಗೆಂದು ಎಳೆದುಕೊಂಡಿತು. ಸೀಮೆಎಣ್ಣೆಗೆ ಚೀಟಿ, ಅಕ್ಕಿಗೆ ಚೀಟಿ. ಬೀದಿಯಲ್ಲಿ ಭಾರತ ಬಿಟ್ಟು ತೊಲಗಿ ಎಂದು ಕೂಗುತ್ತಾ ಹೋದ ಹುಡುಗರು ಈ ಮನೆಯ ಮುಂದೆ ಮಾತ್ರ ಸುಮ್ಮನಾದರು. ಬಿಳಿಯರ ಪರವಾಗಿ ಹೋದವನ ಮನೆಯಲ್ಲವೇ? ಅವನ ಬಗ್ಗೆ ಯಾರೂ ವಿಚಾರಿಸಲಿಲ್ಲ. ಊರಿಗೇ ಬೇಡದ ಯುದ್ಧದಲ್ಲಿ ಕಳೆದುಹೋದವನಿಗಾಗಿ ಅಳುವುದಕ್ಕೂ ನಾಚಿಕೊಳ್ಳಬೇಕಾಯಿತು. ನನಗೆ ಇದು ಬಹಳ ಸಂಕಟ ಕೊಡುತ್ತದೆ.

(ನಿಮಗೆ ಮಾತ್ರ ಹೇಳುತ್ತೇನೆ. ರಾಮಲಿಂಗನನ್ನು ಮೊದಲ ಡ್ರಾಫ್ಟಿನಲ್ಲೇ ಕೊಂದಿದ್ದೇನೆ. ಸಯಾಮಿನ, ಈಗಿನ ಥಾಯ್ಲೆಂಡಿನ, ಕಾಡು, ಸೆರೆಯಾಳುಗಳ ಗುಡಿಸಲು, ಭೇದಿ. ಒಂದೂವರೆ ಸಾಲಿನಲ್ಲಿ ಮುಗಿಸಿದೆ. ಮನೆಯವರ ಮುಂದೆ ಬಾಯಿ ಬಿಡಬೇಡಿ.)

೫

(ನಾಲ್ಕರಲ್ಲಿ ಚರ್ಚಿಲ್, ಹಿಟ್ಲರ್ ಎಂದೆಲ್ಲ ಎರಡು ಪುಟ ಕೊರೆದಿದ್ದೆ. ನೀವು ಬಚಾವಾದಿರಿ.)

ನೇಕಾರರ ಸೊಸೈಟಿಯ ಕೋದಂಡರಾಮಯ್ಯ ಬಾಗಿಲಲ್ಲಿ ನಿಂತು ಹೇಳಿದ: “ಮಿಲಿಟರಿ ಆಸ್ಪತ್ರೆಗೆ ಬ್ಯಾಂಡೇಜ್ ಬಟ್ಟೆ ಬೇಕಂತೆ. ನೂಲು ನಾವ್ ಕೊಡ್ತೀವಿ. ನೇಯ್ದೋರಿಗೆ ವಾರ ವಾರ ರಾಗಿ.”

ಸೊಸೆ ಆದಿಲಕ್ಷ್ಮಮ್ಮ ತಕ್ಷಣ ಒಪ್ಪಿದಳು. ಅವಳ ಮಗಳಿಗೆ ಎರಡೂವರೆ ವರ್ಷ. ಅಪ್ಪನನ್ನು ನೋಡಿಲ್ಲ, ಹೊಟ್ಟೆ ತುಂಬ ಊಟವನ್ನೂ ನೋಡಿಲ್ಲ. ಆದರೆ ನೂಲಿನ ಹಾಸು ಏರಿಸಬೇಕಾದರೆ ಹಣಿಗೆಯ ರೇಷ್ಮೆ ಎಳೆಗಳನ್ನು ಕತ್ತರಿಸಿ ತೆಗೆಯಬೇಕು, ಇಲ್ಲವೇ ಅವುಗಳ ತುದಿಗೇ ನೂಲು ಕೆಚ್ಚಬೇಕು; ಹೇಗಾದರೂ ರಾಮಲಿಂಗ ಬಂದು ಕೆಚ್ಚಲು ಎಳೆ ಉಳಿಯುವುದಿಲ್ಲ. (ಮಗ್ಗ ಬಲ್ಲವರು ಕೇಳುತ್ತೀರಿ: ಎಳೆ ಸಮೇತ ಹಣಿಗೆ ಬಿಚ್ಚಿ ಗೋಡೆಗೆ ನೇತುಹಾಕಿ, ಬೇರೆ ಹಣಿಗೆ ಕಟ್ಟಿದರಾಗದೇ? ಬೇರೆ ಹಣಿಗೆ ಎಲ್ಲಿದೆ ಸ್ವಾಮಿ? ಮನೆಗಿರುವುದು ಅದೊಂದೇ.)

“ಕತ್ತರಿಸ್ಬಿಡೋಣ ಅತ್ತೆ. ನಾವ್ ನೇಯ್ದ ಬಟ್ಟೇನೇ ಅವರ ಗಾಯಕ್ಕೆ ಸುತ್ತಬೋದು.”

“ನನ್ನ ಮಗನ್ಗೆ ಗಾಯ ಆಗ್ಲಿ ಅಂತ ನೇಯ್ತೀಯೇನೇ?” ಅಕ್ಕಯ್ಯಮ್ಮ ಕಿಡಿಕಿಡಿಯಾದಳು. “ಎಳೆ ಮುಟ್ಟಿದ್ರೆ ಕೈ ಮುರೀತೀನಿ.”

ಆದಿಲಕ್ಷ್ಮಮ್ಮ ನನ್ನ ಕಡೆ ತಿರುಗಿದಳು. “ಏನಣ್ಣ, ಬರೆಯೋರು ತಾನೇ ನೀವು? ನಮ್ಮನೆಗೆ ಒಂದು ಪಲ್ಲ ರಾಗಿ ಬರೀರಿ.”

“ರಾಗಿ ಬಂದರೆ ಕಥೆ ಮುಗಿದುಹೋಗುತ್ತಲ್ಲಮ್ಮ.”

“ಮುಗೀಲಿ! ನಿಮ್ ಕಥೆಗೋಸ್ಕರ ನನ್ ಮಗು ಉಪವಾಸ ಇರ್ಬೇಕಾ?”

ನನಗೆ ಮುಖ ಎತ್ತಲಾಗಲಿಲ್ಲ. ಬೆಂಗಳೂರಿನ ಫ್ಲ್ಯಾಟಿನಲ್ಲಿ ಕಾಫಿ ಕುಡಿಯುತ್ತಾ ಇದನ್ನು ಟೈಪ್ ಮಾಡುತ್ತಿದ್ದೇನೆ ಎನ್ನುವುದು ಅವಳಿಗೆ ಗೊತ್ತಿಲ್ಲದಿದ್ದರೆ ಸಾಕು.

೬

ಆದ್ದರಿಂದ ಅವನನ್ನು ವಾಪಸ್ ತಂದೆ. ಹೌದು, ನಾಚಿಕೆ ಬಿಟ್ಟು ತಂದೆ. ಒಂದು ಮಧ್ಯಾಹ್ನ ರಾಮಲಿಂಗ ರೈಲಿಳಿದು, ಬಡಕಲಾಗಿ, ಗಡ್ಡ ಬಿಟ್ಟುಕೊಂಡು ಮನೆಗೆ ಬಂದ. ಆದಿಲಕ್ಷ್ಮಮ್ಮ ಅಳುತ್ತಲೇ ಒಲೆ ಹಚ್ಚಿ, ಡಬ್ಬದಲ್ಲಿದ್ದ ಕೊನೆಯ ಹಿಟ್ಟನ್ನೆಲ್ಲ ಸುರಿದು ಮುದ್ದೆ ಮಾಡಿದಳು. ಅವನು ಕಾಲು ತೊಳೆದು ನೇರ ಮಗ್ಗಕ್ಕೆ ಹೋದ. ಬೂದಿಗೆ ಬೆರಳದ್ದಿ ಎಳೆಯ ತುದಿ ಹೊಸೆಯತೊಡಗಿದ. ಬರೆಯುತ್ತಾ ನನ್ನ ಕಣ್ಣೂ ಒದ್ದೆಯಾಯಿತು.

ಅಕ್ಕಯ್ಯಮ್ಮ ಎರಡು ಎಳೆ ಹೊಸೆಯುವವರೆಗೆ ನೋಡಿದಳು.

“ಯಾರಪ್ಪಾ ಇವ್ನು?”

“ನಿಮ್ಮ ಮಗ,” ಎಂದೆ ನಾನು.

“ನನ್ನ ಮಗ ಎಡಚ. ಅವ್ನು ಹೊಸೆಯೋದು ಎಡಗೈಲಿ. ಇವ್ನು ಬಲಗೈಲಿ ಹೊಸೀತಾವ್ನೆ.”

ಅಯ್ಯೋ, ನನಗೇನು ಗೊತ್ತು? ಅವನು ಎಡಚನೆಂದು ಯಾವ ಡ್ರಾಫ್ಟಿನಲ್ಲೂ ಇರಲಿಲ್ಲ. ಗಡಿಬಿಡಿಯಲ್ಲಿ ಎಡಗೈ ಎಂದು ತಿದ್ದಿದೆ.

“ನಾನ್ ಹೇಳಿದ್ಮೇಲೆ ತಿದ್ದಿದ್ರೆ ಮಗ ಆಗ್ಬಿಡ್ತಾನಾ?” ಎಂದಳು.

ಬಂದವನು ತಲೆ ತಗ್ಗಿಸಿಕೊಂಡು ಎದ್ದ. ನಾನು ಡಿಲೀಟ್ ಒತ್ತಿದೆ. ಮುದ್ದೆ ಮಾತ್ರ ತಟ್ಟೆಯಲ್ಲಿ ಉಳಿಯಿತು. ಮಗು ಅದನ್ನು ತಿಂದಿತು. ಹಿಟ್ಟಿನ ಡಬ್ಬ ಖಾಲಿ. ಕೋದಂಡರಾಮಯ್ಯ ನಾಳೆ ಬೆಳಿಗ್ಗೆ ಉತ್ತರ ಕೇಳಲು ಬರುತ್ತಾನೆ.

೭, ಅಥವಾ ಕೊನೆಗಳು

ನನ್ನ ಹತ್ತಿರ ಮೂರಿದ್ದವು. ಅಕ್ಕಯ್ಯಮ್ಮನೇ ಎಳೆ ಕತ್ತರಿಸುತ್ತಾಳೆ. ಅಥವಾ ಮಗನ ರೇಷ್ಮೆಯ ತುದಿಗೇ ಬ್ಯಾಂಡೇಜಿನ ನೂಲು ಕೆಚ್ಚುತ್ತಾಳೆ, ಎದುರಿಗೆ ಅವನ ಜಾಗದಲ್ಲಿ ಸೊಸೆ ಕೂರುತ್ತಾಳೆ. (ಇದು ಪತ್ರಿಕೆಯವರಿಗೆ ಇಷ್ಟವಾಗುತ್ತದೆ.) ಅಥವಾ ಏನೂ ಮಾಡದೆ ಮೂವರೂ ಹಸಿದುಕೊಂಡಿರುತ್ತಾರೆ. ಮೂರನ್ನೂ ಅವಳ ಮುಂದಿಟ್ಟೆ.

“ಅದೆಲ್ಲಾ ಆಮೇಲೆ,” ಎಂದಳು ಅಕ್ಕಯ್ಯಮ್ಮ. ಜಗಳದ ದನಿ ಹೋಗಿತ್ತು. “ಒಂದ್ ಮಾತು ಕೇಳ್ತೀನಿ. ನಿಜವಾದೋನು ಬರೋ ಹಂಗಿದ್ದಿದ್ರೆ, ನೀನ್ಯಾಕಪ್ಪಾ ಸುಳ್ಳು ಮಗನ್ನ ತಂದು ಕೂರಿಸ್ತಿದ್ದೆ?”

ನಾನು ಮೂರನೇ ಭಾಗವನ್ನು ಸ್ಕ್ರೀನಿನಿಂದ ಮೇಲೆ ಸರಿಸಿಬಿಟ್ಟೆ.

“ಇದಾನಾ, ಇಲ್ವಾ? ಅಷ್ಟು ಹೇಳು. ಕತ್ತರಿ ನಾನೇ ಹಿಡೀತೀನಿ.”

“ಗೊತ್ತಿಲ್ಲಮ್ಮ,” ಎಂದೆ.

“ಬರೆಯೋನಿಗೇ ಗೊತ್ತಿಲ್ವಾ?” ಅವಳು ನನ್ನನ್ನು ಬಿಟ್ಟು ನಿಮ್ಮ ಕಡೆ ನೋಡಿದಳು. “ಅಲ್ಲಿ ಕೂತು ಓದ್ತಾ ಇದೀರಲ್ಲ, ನೀವಾದ್ರೂ ಹೇಳ್ರಪ್ಪಾ.”

ಅವಳ ಒಂದು ಪಕ್ಕ ಬೂದಿಯ ತಟ್ಟೆ, ಇನ್ನೊಂದು ಪಕ್ಕ ಕತ್ತರಿ. ಬಾಗಿಲಲ್ಲಿ ಸೊಸೆ, ಅವಳ ಸೊಂಟದ ಮೇಲೆ ಮಗು. ನಾನು ಇಲ್ಲಿಂದ ಎದ್ದು ಹೋಗುತ್ತಿದ್ದೇನೆ, ನನ್ನ ಕೈಲಾಗುವುದಿಲ್ಲ. ಮೂರನೇ ಭಾಗದ ಕೊನೆಯಲ್ಲಿ ನಿಮಗೆ ಮಾತ್ರ ಹೇಳಿದ್ದನ್ನು ನೀವೂ ಓದಿದ್ದೀರಿ.